ನಾಲ್ಕನೆಯ ಮಾತು ಯಾರದು?

ಕೋವಿಡ್‌ನ ಆತಂಕ ತಣ್ಣಗಾಗಿ ಸಭೆ ಸಮಾರಂಭಗಳು ಮತ್ತೆ ಶುರುವಾಗಿದ್ದ ವರ್ಷ ಅದು. ಮೈಸೂರಿನ ಸರ್ಕಾರಿ ಆಸ್ಪತ್ರೆಯೊಂದರ ಮನೋವೈದ್ಯ ವಿಭಾಗದಲ್ಲಿ ನಾನು ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗಿದ್ದೆ. ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿತ್ತು. ಈ ಹುದ್ದೆಯ ಹೆಸರು ಕೇಳಿದವರು ನನ್ನನ್ನು ಡಾಕ್ಟರೆಂದೇ ತಿಳಿಯುವುದುಂಟು. ನಾನು ಡಾಕ್ಟರಲ್ಲ. ಡಾಕ್ಟರು ರೋಗಿಯನ್ನು ಪರೀಕ್ಷಿಸಿ ಔಷಧಿ ಬರೆಯುತ್ತಾರೆ. ನನ್ನ ಕೆಲಸ ರೋಗಿಯ ಜೊತೆ ಬಂದವರನ್ನು ಕೂರಿಸಿಕೊಂಡು ಮಾತಾಡಿಸುವುದು, ಆ ಮನೆಯೊಳಗೆ ಏನು ನಡೆಯುತ್ತಿದೆ ಎಂದು ತಿಳಿದುಕೊಳ್ಳುವುದು, ಬೇಕಾದರೆ ಪೊಲೀಸರಿಗೋ ಸಂರಕ್ಷಣಾಧಿಕಾರಿಗೋ ವಿಷಯ ಮುಟ್ಟಿಸುವುದು. ಸಂರಕ್ಷಣಾಧಿಕಾರಿ ಎಂದರೆ ಮನೆಯೊಳಗೆ ಹಿಂಸೆ ಅನುಭವಿಸುವ ಹೆಂಗಸರ ಪರವಾಗಿ ಕೋರ್ಟಿಗೆ ವರದಿ ಕೊಡುವ ಸರ್ಕಾರಿ ಅಧಿಕಾರಿ.

ಇಷ್ಟು ವರ್ಷ ಜನರ ಮಾತು ಕೇಳಿದ ಮೇಲೆ ಕೆಲವು ಮಾತುಗಳು ಮನಸ್ಸಿನಲ್ಲಿ ಉಳಿದುಬಿಟ್ಟಿದ್ದವು. ಅವುಗಳಲ್ಲಿ ನಾಲ್ಕನ್ನು ಆರಿಸಿ, ಹೆಸರು, ಊರು, ಗುರುತು ಎಲ್ಲ ತೆಗೆದು, ಒಂದು ಭಾಷಣ ಮಾಡಿಕೊಂಡಿದ್ದೆ. ಕಾಲೇಜು, ಕಚೇರಿ, ಮಹಿಳಾ ಸಮಾಜ, ಎಲ್ಲಿ ಕರೆದರೂ ಅದೇ ಭಾಷಣ. ಒಂದೊಂದೇ ಮಾತು ಓದುತ್ತಿದ್ದೆ. ದನಿಯಲ್ಲಿ ಕೋಪವನ್ನಾಗಲಿ ಕರುಣೆಯನ್ನಾಗಲಿ ಬೆರೆಸದೆ, ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗೆ ಓದಬೇಕು. ಓದಿ, ‘ಇದು ಪ್ರೀತಿಯ ಮಾತು ಅನ್ನುವವರು ಕೈ ಎತ್ತಿ, ಇದು ಕ್ರೌರ್ಯ ಅನ್ನುವವರು ಕೈ ಎತ್ತಿ’ ಎನ್ನುತ್ತಿದ್ದೆ. ನಾಲ್ಕೂ ಮುಗಿದ ಮೇಲೆ ಯಾವುದನ್ನು ಯಾರು ಹೇಳಿದ್ದು ಎಂದು ತಿಳಿಸುತ್ತಿದ್ದೆ.

ಮೊದಲನೆಯದು, ‘ಈ ಮಗು ನನಗೆ ಬೇಡ, ಯಾರಾದ್ರೂ ಎತ್ತಿಕೊಂಡು ಹೋಗ್ಬಿಡಿ.’ ಎರಡನೆಯದು, ‘ನನ್ನ ಮಗ ನನಗಿಂತ ಮೊದಲು ಸಾಯ್ಲಿ ಅಂತ ದಿನಾ ಬೇಡ್ಕೋತೀನಿ.’ ಈ ಎರಡಕ್ಕೂ ಕ್ರೌರ್ಯ ಎಂದು ಕೈಗಳು ಏಳುತ್ತಿದ್ದವು. ಮೊದಲಿನದನ್ನು ಹೇಳಿದ್ದು ಹೆರಿಗೆಯ ನಂತರದ ಖಿನ್ನತೆಯಲ್ಲಿ ಮುಳುಗಿದ್ದ ತಾಯಿ. ಮಗುವಿಗೆ ತನ್ನಿಂದಲೇ ಏನಾದರೂ ಆದೀತು ಎಂಬ ಭಯಕ್ಕೆ ಅದನ್ನು ದೂರ ಮಾಡಿ ಎಂದು ಅಂಗಲಾಚುತ್ತಿದ್ದಳು. ಎರಡನೆಯದು, ಬುದ್ಧಿ ಬೆಳೆಯದ ಮಗನನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ತರುತ್ತಿದ್ದ ಮುದುಕ ತಂದೆಯ ಮಾತು. ತಾನು ಹೋದ ಮೇಲೆ ಮಗನನ್ನು ನೋಡುವವರಿಲ್ಲ ಎಂಬುದೊಂದೇ ಅವನ ಚಿಂತೆ. ಮೂರನೆಯದು, ‘ನಮ್ಮಮ್ಮನಿಗೆ ನಾನು ಒಂದು ದಿನವೂ ಎದುರು ಮಾತಾಡಿದವನಲ್ಲ.’ ಇದಕ್ಕೆ ಪ್ರೀತಿ ಎಂದು ಕೈ ಏಳುತ್ತಿತ್ತು. ಆ ಮಗ ತಾಯಿಯ ಜೊತೆ ವರ್ಷಗಟ್ಟಲೆ ಮಾತನ್ನೇ ಆಡಿರಲಿಲ್ಲ. ಒಂದೇ ಸೂರಿನ ಕೆಳಗೆ ಆಕೆಯನ್ನು ಇಲ್ಲದವಳ ಹಾಗೆ ಮಾಡಿಬಿಟ್ಟಿದ್ದ.

ನಾಲ್ಕನೆಯದು ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೇಳಿದ ಮಾತು. ಜ್ವರ ಬಂದು ನರಳುತ್ತಿದ್ದ ಹೆಂಗಸೊಬ್ಬಳನ್ನು ಅಕ್ಕಪಕ್ಕದವರು ಬೀಗ ಒಡೆದು ಹೊರಗೆ ತಂದು ನಮ್ಮ ಆಸ್ಪತ್ರೆಗೆ ಸೇರಿಸಿದ್ದರು. ಆಕೆಯ ಅಂಗಾಲು ಹಸುಗೂಸಿನ ಅಂಗಾಲಿನ ಹಾಗಿತ್ತು. ಒಂದು ಬಿರುಕಿಲ್ಲ, ಒಂದು ಗಟ್ಟಿ ಚರ್ಮವಿಲ್ಲ. ಎರಡು ವರ್ಷ ಆಕೆ ಮನೆಯ ಹೊಸಿಲು ದಾಟಿರಲಿಲ್ಲ. ಗಂಡ ನನ್ನೆದುರು ಕೂತು, ಬಹಳ ಮೃದುವಾಗಿ ಹೇಳಿದ್ದ: ‘ನನ್ನ ಹೆಂಡತಿ ರಾಣಿ. ರಾಣಿಯ ಪಾದ ಬೀದಿಗೆ ತಾಗಬಾರದು. ಅದಕ್ಕೇ ನಾನು ಅವಳಿಗೆ ಚಪ್ಪಲಿಯನ್ನೇ ಕೊಡಿಸಿಲ್ಲ.’

ಈ ಮಾತಿಗೆ ಎಲ್ಲ ಸಭೆಗಳಲ್ಲೂ ‘ಆಹಾ’ ಎನ್ನುವವರು ಇದ್ದೇ ಇರುತ್ತಿದ್ದರು. ಕೊನೆಗೆ ಬೀಗದ ವಿಷಯ ಹೇಳಿದಾಗ ಇಡೀ ಸಭಾಂಗಣ ಸ್ತಬ್ಧವಾಗುತ್ತಿತ್ತು. ಆ ಸ್ತಬ್ಧತೆಯೇ ನನ್ನ ಭಾಷಣದ ಗೆಲುವು ಎಂದುಕೊಂಡಿದ್ದೆ.

ಆ ವರ್ಷ ಜೂನ್‌ನಲ್ಲಿ ಕುವೆಂಪುನಗರದಿಂದ ಒಂದು ಫೋನ್ ಬಂತು. ಮಾತಾಡಿದವರು ಚಂದ್ರಮೌಳಿ ಎಂಬುವರು. ಬ್ಯಾಂಕ್ ಅಧಿಕಾರಿ, ತಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಸಂಘದ ವಾರ್ಷಿಕೋತ್ಸವಕ್ಕೆ ನಾನು ಮಾತಾಡಬೇಕೆಂದು ಕೇಳಿದರು. ಮಾತು ಎಷ್ಟು ನಯವೆಂದರೆ ಫೋನ್ ಇಟ್ಟ ಮೇಲೂ ಕಿವಿಯಲ್ಲಿ ಉಳಿದಿತ್ತು.

‘ವಿಷಯ ಏನಿರಲಿ?’ ಎಂದು ಕೇಳಿದೆ.

‘ಆ ನಾಲ್ಕು ಮಾತಿನ ಭಾಷಣ ಇದೆಯಲ್ಲ ಮೇಡಂ, ಅದೇ ಆಗ್ಲಿ. ದಯವಿಟ್ಟು ಅದರಲ್ಲಿ ಏನೂ ಬದಲಾಯಿಸಬೇಡಿ.’

ಯಾರೋ ಕೇಳಿದವರು ಹೇಳಿರಬೇಕು ಎಂದುಕೊಂಡು ಒಪ್ಪಿದೆ.

ಭಾನುವಾರ ಸಂಜೆ ಸಂಘದ ಸಭಾಂಗಣ ತುಂಬಿತ್ತು. ವೇದಿಕೆಯ ಒಂದು ಬದಿ ಗಣಪತಿಯ ವಿಗ್ರಹ ಇದ್ದುದರಿಂದ ಎಲ್ಲರೂ ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಟ್ಟು ಬಂದಿದ್ದರು. ವೇದಿಕೆಯ ಮೇಲೆ ನಾವು ಮೂವರು: ನಾನು, ಸಂಘದ ಅಧ್ಯಕ್ಷೆ ನಾಗರತ್ನಮ್ಮ, ಕಾರ್ಯದರ್ಶಿ ಚಂದ್ರಮೌಳಿ. ನಾಗರತ್ನಮ್ಮ ನಿವೃತ್ತ ಮುಖ್ಯೋಪಾಧ್ಯಾಯಿನಿ, ಕಂಚಿನ ಕಂಠ. ಚಂದ್ರಮೌಳಿಯವರಿಗೆ ನಲವತ್ತರ ಆಸುಪಾಸು. ಹಣೆಯಲ್ಲಿ ತೆಳುವಾದ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಷರಟು, ಮುಖದಲ್ಲಿ ಬಿಡದ ನಗು. ಫ್ಯಾನಿನ ಸದ್ದು ಮೈಕಿಗೆ ಬರುತ್ತದೆಂದು ಫ್ಯಾನುಗಳನ್ನು ನಿಲ್ಲಿಸಿದ್ದರು. ಯಾರಾದರೂ ಕುರ್ಚಿ ಸರಿಸಿದರೆ ಅದೊಂದೇ ಸದ್ದು.

ಮೊದಲ ಮೂರು ಮಾತು ಎಂದಿನಂತೆ ಹೋದವು. ನಾಲ್ಕನೆಯದನ್ನು ಶುರು ಮಾಡಿದೆ.

‘ನನ್ನ ಹೆಂಡತಿ ರಾಣಿ. ರಾಣಿಯ ಪಾದ ಬೀದಿಗೆ ತಾಗಬಾರದು.’

ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದೆ ಅಷ್ಟೆ. ಸಭೆಯ ನಡುವಿನಿಂದ ಒಂದು ಹೆಣ್ಣು ದನಿ ಬಂತು.

‘ಅದಕ್ಕೇ ನಾನು ಅವಳಿಗೆ ಚಪ್ಪಲಿಯನ್ನೇ ಕೊಡಿಸಿಲ್ಲ.’

ಮಗ್ಗಿ ಒಪ್ಪಿಸುವ ಮಗುವಿನ ದನಿಯ ಹಾಗೆ ಏರಿಳಿತವೇ ಇಲ್ಲದ ದನಿ. ಜನ ನಕ್ಕರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಈ ಮಾತನ್ನು ನಾನು ಎಲ್ಲೂ ಅಚ್ಚು ಹಾಕಿಸಿರಲಿಲ್ಲ, ಭಾಷಣದಲ್ಲಿ ಒಮ್ಮೆ ಕೇಳಿದವರಿಗೆ ಅದು ಹೀಗೆ ಬಾಯಿಪಾಠವಾಗುವುದೂ ಇಲ್ಲ. ಅದನ್ನು ಹೇಳಿದ ಮನುಷ್ಯ ಸತ್ತು ಎಷ್ಟೋ ಕಾಲವಾಗಿತ್ತು. ಆದರೂ ಅದು ಒಂದಕ್ಷರವೂ ವ್ಯತ್ಯಾಸವಿಲ್ಲದೆ ನನ್ನೆದುರಿನ ಯಾರದೋ ಬಾಯಿಂದ ಬಂದಿತ್ತು.

ದನಿ ಬಂದ ಕಡೆ ನೋಡಿದೆ. ಮೂರನೆಯ ಸಾಲಿನ ಅಂಚಿನಲ್ಲಿ, ತಿಳಿ ಹಸಿರು ಸೀರೆಯ ಹೆಂಗಸೊಬ್ಬಳು ಕೂತಿದ್ದಳು. ಮೂವತ್ತೈದು ಇರಬಹುದು. ಜನ ಯಾಕೆ ತನ್ನ ಕಡೆ ತಿರುಗಿ ನಗುತ್ತಿದ್ದಾರೆಂದು ಆಕೆಗೆ ಗೊತ್ತಾದಂತಿರಲಿಲ್ಲ. ಮಾತಾಡಿದ್ದು ತಾನೇ ಎಂಬುದೂ ಗೊತ್ತಿರಲಿಲ್ಲವೇನೋ. ಮರುಕ್ಷಣ ಅದು ಹೊಳೆಯಿತು. ಆಕೆ ನನ್ನನ್ನು ನೋಡಲಿಲ್ಲ, ಅಕ್ಕಪಕ್ಕದವರನ್ನೂ ನೋಡಲಿಲ್ಲ. ನನ್ನ ಬಲಗಡೆಯ ಕುರ್ಚಿಯನ್ನು ನೋಡಿದಳು.

ನಾನೂ ತಿರುಗಿದೆ. ಚಂದ್ರಮೌಳಿ ಅದೇ ನಗುವಿನಲ್ಲಿ ಕೂತಿದ್ದರು. ಅವರ ತುಟಿಗಳು ಸದ್ದಿಲ್ಲದೆ ಅಲ್ಲಾಡುತ್ತಿದ್ದವು. ತುಟಿಯ ಮೇಲೆ ನಾನು ಓದಿದ ಕೊನೆಯ ಶಬ್ದ ‘ಕೊಡಿಸಿಲ್ಲ’.

‘ನಮ್ಮನೆಯವರು ಮೇಡಂ, ಶಶಿಕಲಾ’ ಎಂದರು ನನ್ನ ಕಡೆ ಬಾಗಿ.

ಪ್ರೀತಿ ಎನ್ನುವವರು ಕೈ ಎತ್ತಿ ಎಂದೆ. ಹೆಚ್ಚುಕಡಿಮೆ ಇಡೀ ಸಭೆ ಕೈ ಎತ್ತಿತು. ಚಂದ್ರಮೌಳಿಯವರೂ ಎತ್ತಿದರು. ಎತ್ತಿ ಹೆಂಡತಿಯ ಕಡೆ ನೋಡಿದರು. ಶಶಿಕಲಾಳ ಕೈ ನಿಧಾನವಾಗಿ, ಬೇರೆ ಯಾರೋ ದಾರ ಕಟ್ಟಿ ಎಳೆದಂತೆ ಮೇಲೆದ್ದಿತು.

ಈಗ ಉತ್ತರ ಹೇಳುವ ಸರದಿ. ಮೊದಲ ಮೂರನ್ನು ಹೇಳಿದೆ. ಹೇಳುತ್ತಲೇ ತಲೆಯೊಳಗೆ ಲೆಕ್ಕ ಹಾಕುತ್ತಿದ್ದೆ. ನಾಲ್ಕನೆಯದರ ಒಡೆಯ ಹೆಂಡತಿಯನ್ನು ಕೂಡಿಹಾಕಿದ್ದವನು ಎಂದು ಈಗ ಹೇಳಿದರೆ, ನಗುತ್ತಿರುವ ಇಷ್ಟೂ ಜನ ಒಮ್ಮೆಲೇ ಈ ದಂಪತಿಯ ಕಡೆ ತಿರುಗುತ್ತಾರೆ. ಆಮೇಲೆ ಸಭೆ ಮುಗಿಯುತ್ತದೆ. ಜನ ಅವರವರ ಮನೆಗೆ ಹೋಗುತ್ತಾರೆ. ಆಕೆ ಇವರ ಜೊತೆ ಇವರ ಮನೆಗೇ ಹೋಗಬೇಕು. ಬಾಗಿಲು ಮುಚ್ಚಿದ ಮೇಲೆ ಆ ಮನೆಯಲ್ಲಿ ಏನಾಗುತ್ತದೆ ಎಂಬುದು ನನ್ನ ಕೈಯಲ್ಲಿರುವುದಿಲ್ಲ. ಕೆಲಸದಲ್ಲಿ ನಾನು ಕಲಿತ ಮೊದಲ ಪಾಠವೇ ಅದು: ಹೋಗಲು ಬೇರೆ ಜಾಗ ಸಿಗುವ ತನಕ ಹಿಂಸೆಗೊಳಗಾದವರನ್ನು ಎಲ್ಲರೆದುರು ಗುರುತಿಸಬಾರದು.

ನಾಲ್ಕನೆಯದನ್ನು ಬಿಟ್ಟು, ಭಾಷಣ ಮುಗಿಸಿ ಕೂತೆ. ಆದರೆ ನಾಗರತ್ನಮ್ಮ ಬಿಡುವವರಲ್ಲ.

‘ಅಲ್ಲಾ ಕಣಮ್ಮ, ಆ ಚಪ್ಪಲಿ ಮಾತು ಯಾರ್ ಹೇಳಿದ್ದು ಅಂತ ಹೇಳ್ಲೇ ಇಲ್ವಲ್ಲ. ಅದೊಂದನ್ನ ನುಂಗ್ಬುಟ್ರೆ ಹೆಂಗೆ?’

ಸಭೆಯೆಲ್ಲ ಕಾಯುತ್ತಿತ್ತು. ಶಶಿಕಲಾ ಈಗ ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡುತ್ತಿದ್ದಳು.

‘ಅದು ಪ್ರೀತಿಯ ಮಾತೇ’ ಎಂದೆ. ‘ಒಬ್ಬ ಗಂಡ ಹೆಂಡತಿಯ ಬಗ್ಗೆ ಹೇಳಿದ್ದು.’

ಜನ ಚಪ್ಪಾಳೆ ತಟ್ಟಿದರು. ಶಶಿಕಲಾ ಕಣ್ಣು ಕೆಳಗೆ ಹಾಕಿದಳು. ಆಸ್ಪತ್ರೆಯಿಂದ ಬಂದ, ಇಂಥದನ್ನು ಬಲ್ಲ ಹೆಂಗಸೊಬ್ಬಳು ಮೈಕಿನಲ್ಲಿ ನಿಂತು, ನಿನ್ನ ಮನೆಯಲ್ಲಿ ನಡೆಯುವುದು ಪ್ರೀತಿಯೇ ಎಂದು ಆಕೆಗೆ ಹೇಳಿದಂತಾಗಿತ್ತು. ಆಕೆಯನ್ನು ಆ ಸಂಜೆಯ ಮಟ್ಟಿಗೆ ಕಾಯಲು ಬೇರೆ ದಾರಿ ನನಗೆ ಕಾಣಲಿಲ್ಲ.

ವಂದನಾರ್ಪಣೆ ಚಂದ್ರಮೌಳಿಯವರದು. ಎಲ್ಲರಿಗೂ ಚೊಕ್ಕವಾಗಿ ವಂದನೆ ಹೇಳಿ, ಕೊನೆಗೆ ನನ್ನ ಕಡೆ ತಿರುಗಿದರು. ‘ನಾಲ್ಕನೇ ಮಾತು ಪ್ರೀತಿಯ ಮಾತು ಅಂತ ಮೇಡಂ ಇವತ್ತು ಒಪ್ಕೊಂಡ್ರು. ಅದಕ್ಕೆ ನನ್ನ ವಿಶೇಷ ಧನ್ಯವಾದ’ ಎಂದರು. ‘ಇವತ್ತು’ ಎಂಬ ಆ ಒಂದು ಪದ ಕಾಲಿಗೆ ತೊಡರಿದ ಹಾಗಾಯಿತು. ಇವತ್ತು ಎಂದರೆ?

ಸಭೆ ಚದುರಿತು. ಮೆಟ್ಟಿಲ ಬಳಿ ಎಲ್ಲರೂ ತಮ್ಮ ತಮ್ಮ ಚಪ್ಪಲಿ ಹುಡುಕುತ್ತಿದ್ದರು. ಶಶಿಕಲಾ ಮಾತ್ರ ಯಾವುದನ್ನೂ ಹುಡುಕದೆ ಆ ರಾಶಿಯ ಪಕ್ಕದಿಂದ ಸರಿದು, ಜಲ್ಲಿಯ ಮೇಲೆ ಕಾಲನ್ನು ಎತ್ತೆತ್ತಿ ಇಡುತ್ತ ಕಾರಿನ ಕಡೆ ಹೋದಳು. ಚಂದ್ರಮೌಳಿ ಮುಂದೆ ಹೋಗಿ ಕಾರಿನ ಬಾಗಿಲು ತೆಗೆದು ಹಿಡಿದರು. ಆಕೆ ಕೂತ ಮೇಲೆ ಜೇಬಿನಿಂದ ಕರ್ಚೀಫು ತೆಗೆದು, ಬಾಗಿ, ಆಕೆಯ ಎರಡೂ ಪಾದಗಳನ್ನು ಒರೆಸಿದರು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು, ಗಂಡ ಅಂದರೆ ಹೀಗಿರಬೇಕು ಎಂದು ಮಾತಾಡಿಕೊಂಡರು.

ನಾನು ನಾಗರತ್ನಮ್ಮನವರನ್ನು ಒಂದು ಬದಿಗೆ ಕರೆದು, ನಾಲ್ಕನೆಯ ಮಾತಿನ ನಿಜ ಹೇಳಿದೆ. ಅವರ ಕಂಚಿನ ಕಂಠ ಇಳಿದುಹೋಯಿತು.

‘ಮದ್ವೆಯಾಗಿ ನಾಲ್ಕೈದು ವರ್ಷ ಆಯ್ತು ಕಣಮ್ಮ. ಒಂದ್ಸಲಾನೂ ಆ ಹುಡ್ಗಿ ಅಂಗಡಿಗೆ ಬಂದದ್ದು ನೋಡಿಲ್ಲ ನಾನು. ಪಾಪ, ಕಾಲ್ನೋವು ಅಂತ ಅವ್ರೇ ಹೇಳ್ತಿದ್ರು. ನಾವೂ ಹೌದೇನೋ ಅಂದ್ಕಂಡು ಸುಮ್ನಾಗ್ಬುಟ್ವಿ.’

ಆ ವಾರವೇ ಸಂರಕ್ಷಣಾಧಿಕಾರಿಗೆ ವಿಷಯ ತಿಳಿಸಿದೆ. ನಮ್ಮಿಬ್ಬರಿಗೂ ಗೊತ್ತಿದ್ದ ಕಷ್ಟ ಒಂದೇ. ಆಕೆ ತಾನಾಗಿ ಬಾಯಿ ಬಿಡದೆ ನಾವು ಒಳನುಗ್ಗಿದರೆ, ಆಕೆಯೇ ಏನೂ ಇಲ್ಲವೆಂದುಬಿಡುತ್ತಾಳೆ. ಆಮೇಲೆ ಆ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆ. ಮೊದಲು ಆಕೆಗೆ ನಿಜ ತಲುಪಬೇಕು, ಬರಲು ಒಂದು ಜಾಗವಿದೆಯೆಂದು ಗೊತ್ತಾಗಬೇಕು. ಹಾಗಾಗಿ ಇನ್ನೊಂದು ಕಾರ್ಯಕ್ರಮದ ಚರ್ಚೆ ಎಂಬ ನೆಪ ಮಾಡಿಕೊಂಡು, ನಾಗರತ್ನಮ್ಮ ಮತ್ತು ನಾನು ಬೆಳಗಿನ ಹೊತ್ತು ಚಂದ್ರಮೌಳಿಯವರ ಮನೆಗೆ ಹೋದೆವು.

ಬಾಗಿಲ ಪಕ್ಕದ ಗೂಡಿನಲ್ಲಿ ಪಾಲಿಶ್ ಮಾಡಿದ ಗಂಡಸರ ಶೂಗಳು ಸಾಲಾಗಿದ್ದವು. ಹೆಂಗಸರ ಒಂದು ಹವಾಯಿ ಚಪ್ಪಲಿಯೂ ಇರಲಿಲ್ಲ. ಮನೆ ಎಷ್ಟು ಶುಚಿಯೆಂದರೆ ಅಲ್ಲಿ ಯಾರೂ ವಾಸವಿಲ್ಲವೇನೋ ಎನ್ನಿಸುವಂತಿತ್ತು. ಶಶಿಕಲಾ ಕಾಫಿ ತಂದಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ‘ಹೇಗಿದ್ದೀರಮ್ಮ?’ ಎಂದೆ. ‘ಚೆನ್ನಾಗಿದಾಳೆ’ ಎಂದರು ಚಂದ್ರಮೌಳಿ.

ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿದೆ. ‘ನನ್ನ ಭಾಷಣದ ವಿಷಯ ನಿಮಗೆ ಯಾರು ಹೇಳಿದ್ದು?’

‘ಯಾರೂ ಹೇಳಿಲ್ಲ ಮೇಡಂ, ನಾನೇ ಕೇಳಿದ್ದೆ’ ಎಂದರು. ‘ನನ್ನ ಮದುವೆಗೂ ಮುಂಚೆ ನಮ್ಮ ಬ್ಯಾಂಕಿನ ತರಬೇತಿಗೆ ನೀವು ಬಂದಿದ್ರಿ. ಎರಡನೇ ಸಾಲಿನಲ್ಲಿ ಕೂತಿದ್ದೆ. ಅವತ್ತು ನಾಲ್ಕಕ್ಕೂ ಉತ್ತರ ಹೇಳಿದ್ರಿ.’

ನನಗೆ ಆ ಕೋಣೆ ನೆನಪಾಯಿತು. ಉತ್ತರ ಕೇಳಿ ಸ್ತಬ್ಧವಾದ ಸಭೆ. ಆ ಸ್ತಬ್ಧತೆಯನ್ನು ಗೆಲುವೆಂದುಕೊಂಡು ನಾನು ಮನೆಗೆ ಬಂದಿದ್ದೆ. ಅದರೊಳಗೆ ಇವರೂ ಇದ್ದರು.

‘ಹಾಗಾದರೆ ಆ ಮಾತು ಹೇಳಿದವನು ಎಂಥವನು ಅಂತ ನಿಮಗೆ ಗೊತ್ತಿತ್ತು.’

‘ಗೊತ್ತಿತ್ತು. ಆದ್ರೆ ನೀವು ಆ ಮನುಷ್ಯನನ್ನ ಅರ್ಥ ಮಾಡ್ಕೊಳ್ಳಲಿಲ್ಲ ಅನ್ನಿಸ್ತು. ಎಷ್ಟು ಚೆನ್ನಾದ ಮಾತು ಮೇಡಂ ಅದು! ಹೆಂಡತಿ ಅಂದ್ರೆ ಹೀಗಿರಬೇಕು, ಹೀಗೆ ಇಟ್ಕೋಬೇಕು ಅಂತ ಅವತ್ತೇ ತೀರ್ಮಾನ ಮಾಡ್ದೆ. ಅವನು ಮಾಡಿದ ತಪ್ಪು ಒಂದೇ, ಬೀಗ ಹಾಕಿದ್ದು. ನಾನು ಬೀಗ ಹಾಕೋನಲ್ಲ. ನೋಡಿ, ಈಗಲೂ ಬಾಗಿಲು ತೆರೆದೇ ಇದೆ. ಬರಿಗಾಲಲ್ಲಿ ಬೀದಿಗಿಳಿದ್ರೆ ಜನ ಹುಚ್ಚಿ ಅಂತಾರೆ ಅಂತ ಇವಳಿಗೇ ಗೊತ್ತು. ಬೀಗ ಯಾಕೆ ಬೇಕು?’

ಕಾಫಿ ಲೋಟ ನನ್ನ ಕೈಯಲ್ಲೇ ಇತ್ತು. ತೆರೆದ ಬಾಗಿಲಿನಿಂದ ಬೀದಿಯ ಬಿಸಿಲು ಹೊಸಿಲ ತನಕ ಬಂದು ನಿಂತಿತ್ತು. ಪಕ್ಕದ ಮನೆಯ ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು. ಆ ಮನುಷ್ಯನ ಕಣ್ಣಿನಲ್ಲಿ ದ್ವೇಷವಾಗಲಿ ಕಪಟವಾಗಲಿ ಇರಲಿಲ್ಲ. ಪಾಠ ಹೇಳಿಕೊಟ್ಟ ಮೇಷ್ಟರ ಎದುರು ಲೆಕ್ಕ ಸರಿ ಮಾಡಿ ತೋರಿಸುವವನ ಸಂತೋಷ ಇತ್ತು. ನನ್ನ ವೃತ್ತಿಜೀವನದಲ್ಲಿ ನಾನು ಅಷ್ಟು ಹೆದರಿದ್ದು ಅದೊಂದೇ ಸಲ.

ಹೆದರಿಕೆ ತೋರಿಸಿಕೊಳ್ಳದೆ, ಅವರನ್ನೇ ನೋಡುತ್ತ, ಅಡುಗೆಮನೆಯ ಬಾಗಿಲಿಗೆ ಕೇಳುವಷ್ಟು ದೊಡ್ಡದಾಗಿ ಹೇಳಿದೆ. ‘ಆ ಮನುಷ್ಯನ ಕಥೆ ಮಾತ್ರ ಕೇಳಿದ್ರಿ. ಆ ಹೆಂಗಸು ಏನಾದಳು ಅಂತ ನೀವು ಕೇಳ್ಲೇ ಇಲ್ಲ. ಆಸ್ಪತ್ರೆಯಿಂದ ಹೊರಡೋ ದಿನ ನಾವು ಚಪ್ಪಲಿ ತರ್ತೀವಿ ತಾಳು ಅಂದ್ವಿ. ಬೇಡ ಅಂದ್ಲು. ಬರಿಗಾಲಲ್ಲೇ ಬಸ್ ಸ್ಟ್ಯಾಂಡಿಗೆ ನಡೆದು, ತವರಿಗೆ ಹೋದ್ಲು. ಯಾರೂ ಹುಚ್ಚಿ ಅನ್ನಲಿಲ್ಲ.’

ಚಂದ್ರಮೌಳಿ ನಕ್ಕರು. ನಾಗರತ್ನಮ್ಮ ಹೊರಡಲು ಎದ್ದರು. ಬಾಗಿಲಲ್ಲಿ ನಿಂತು, ಏನೋ ಲೋಕಾಭಿರಾಮ ಮಾತಾಡುವವರ ಹಾಗೆ, ‘ನಿಮ್ಮನೆ ಎಲ್ಲಮ್ಮ ಕೃಷ್ಣಮೂರ್ತಿಪುರಂನಲ್ಲಿ?’ ಎಂದು ಕೇಳಿದರು. ಅವರು ನಮ್ಮ ಮನೆಗೆ ಅದಾಗಲೇ ಬಂದು ಹೋಗಿದ್ದವರು. ನನಗೆ ಅರ್ಥವಾಯಿತು. ಬೀದಿ, ತಿರುವು, ಮನೆಯೆದುರಿನ ಸಂಪಿಗೆ ಮರ, ಬೆಳಗ್ಗೆ ನಾನು ಎಷ್ಟು ಹೊತ್ತಿನ ತನಕ ಮನೆಯಲ್ಲಿರುತ್ತೇನೆ ಎಂಬುದು, ಎಲ್ಲವನ್ನೂ ನಿಧಾನವಾಗಿ ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ದಿನಗಳು ಕಳೆದವು. ನಾಗರತ್ನಮ್ಮ ವಾಕಿಂಗ್ ನೆಪದಲ್ಲಿ ಆ ಬೀದಿಯಲ್ಲಿ ಓಡಾಡಿ, ಕಿಟಕಿಯಲ್ಲಿ ಶಶಿಕಲಾ ಕಂಡಳೆಂದು ಫೋನ್ ಮಾಡುತ್ತಿದ್ದರು. ನಾನು ಭಾಷಣಗಳನ್ನು ನಿಲ್ಲಿಸಿದ್ದೆ. ಯಾವ ಸಭೆ ನೆನೆಸಿಕೊಂಡರೂ ಕೂತವರ ತುಟಿಗಳೆಲ್ಲ ಸದ್ದಿಲ್ಲದೆ ಅಲ್ಲಾಡುತ್ತಿರುವಂತೆ ಕಾಣುತ್ತಿತ್ತು. ನನ್ನ ಬಾಯಿಂದ ಕೇಳಿ, ಇನ್ನೆಷ್ಟು ಜನ ಆ ಮಾತನ್ನು ಮನೆಗೆ ಒಯ್ದಿದ್ದಾರೋ?

ಆಷಾಢ ಬಂತು. ಆಷಾಢದ ಶುಕ್ರವಾರ ಮೈಸೂರಿನ ಬೆಳಗು ಹೇಗಿರುತ್ತದೆಂದು ಇಲ್ಲಿಯವರಿಗೆ ಗೊತ್ತು. ಅರಿಶಿನ ಹಚ್ಚಿದ ಮುಖ, ಮುಡಿ ತುಂಬ ಹೂವು, ಕೈಯಲ್ಲಿ ಹಣ್ಣುಕಾಯಿ, ಬರಿಗಾಲು. ಎಲ್ಲ ಬೀದಿಗಳಿಂದಲೂ ಜನ ಚಾಮುಂಡಿ ಬೆಟ್ಟದ ಕಡೆ ನಡೆಯುತ್ತಿರುತ್ತಾರೆ. ಅಂಥ ಒಂದು ಶುಕ್ರವಾರ ನಾನು ಆಸ್ಪತ್ರೆಗೆ ಹೊರಡಲು ಬಾಗಿಲು ತೆಗೆದೆ. ತುಂತುರು ಬಿದ್ದು ನಿಂತಿತ್ತು. ಬೆಟ್ಟದ ಮೇಲೆ ಮಂಜು ಕವಿದು, ಅಲ್ಲಿ ಬೆಟ್ಟವೇ ಇಲ್ಲವೆನ್ನುವಂತಿತ್ತು. ನಮ್ಮ ಗೇಟಿನಾಚೆ ಒಬ್ಬಳು ನಿಂತಿದ್ದಳು. ಕೆನ್ನೆಗೆ ದಟ್ಟ ಅರಿಶಿನ, ಹಣೆಗೆ ಅಗಲ ಕುಂಕುಮ, ಕೈಯಲ್ಲಿ ತೆಂಗಿನಕಾಯಿಯ ಚೀಲ. ಹಿಂದಿನಿಂದ ಬೆಟ್ಟಕ್ಕೆ ಹೋಗುವ ಹೆಂಗಸರು ಸಾಲಾಗಿ ಹಾದುಹೋಗುತ್ತಿದ್ದರು. ಇವಳು ಮಾತ್ರ ಅಲುಗದೆ ನಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಅಷ್ಟು ವರ್ಷಗಳ ಹಿಂದಿನ ಆ ಹೆಂಗಸೇ ನಮ್ಮ ಮನೆ ಹುಡುಕಿಕೊಂಡು ಬಂದಳೇನೋ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಗುರುತು ಸಿಕ್ಕಿತು. ಶಶಿಕಲಾ.

ಒಳಗೆ ಕರೆದು ಮೆಟ್ಟಿಲ ಮೇಲೆ ಕೂರಿಸಿದೆ. ಅಂಗಾಲು ಎರಡೂ ಒಡೆದು ರಕ್ತ ಜಿನುಗುತ್ತಿತ್ತು. ಬಿಸಿನೀರು ತಂದು ತೊಳೆಯುತ್ತಿದ್ದಾಗ ಆಕೆ ಒಂದು ಮಾತು ಹೇಳಿದಳು. ಆಮೇಲೆ ಬಹಳ ಹೊತ್ತು ಅತ್ತಳು.

ನಡೆದದ್ದೆಲ್ಲ ಆಮೇಲೆ ತಿಳಿಯಿತು. ಮನೆಯಲ್ಲಿ ಪ್ರತಿದಿನ ಊಟಕ್ಕೆ ಮುಂಚೆ ಆ ಮಾತು ಆಗಬೇಕಿತ್ತು. ಮೊದಲೆರಡು ವಾಕ್ಯ ಗಂಡನದು, ಕೊನೆಯದು ಹೆಂಡತಿಯದು. ತನ್ನನ್ನೇ ‘ಅವಳು’ ಎಂದು ಕರೆದುಕೊಂಡು ಒಪ್ಪಿಸಬೇಕು. ಒಪ್ಪಿಸದಿದ್ದರೆ ಇಬ್ಬರಿಗೂ ಊಟವಿಲ್ಲ. ಹೊಡೆತ ಇಲ್ಲ, ಬೈಗುಳ ಇಲ್ಲ, ಆಕೆ ಹೇಳುವ ತನಕ ಅವರು ನಗುತ್ತ ಎದುರು ಕೂತಿರುತ್ತಿದ್ದರು. ಫೋನ್ ಕೂಡ ಆಕೆಯ ಕೈಗೆ ಸಿಗುತ್ತಿರಲಿಲ್ಲ. ಸಭೆಯಲ್ಲಿ ನಾನು ಎರಡು ವಾಕ್ಯ ಹೇಳಿ ನಿಲ್ಲಿಸಿದಾಗ ಮೂರನೆಯದು ತಾನಾಗಿ ಬಾಯಿಂದ ಬಿದ್ದಿತ್ತು. ಅವತ್ತು ರಾತ್ರಿ ಅದೇ ಮಾತನ್ನು ಮನೆಯಲ್ಲಿ ಮತ್ತೆ ಮತ್ತೆ ಒಪ್ಪಿಸಬೇಕಾಯಿತು.

ಬರಿಗಾಲಿನ ಹೆಂಗಸನ್ನು ಕಂಡರೆ ಜನ ಏನಂದುಕೊಳ್ಳುತ್ತಾರೆ ಎಂಬ ಭಯದಲ್ಲಿ ಗಂಡ ಆಕೆಯನ್ನು ಕಟ್ಟಿಹಾಕಿದ್ದ. ಜನ ಬೇರೇನನ್ನೋ ಅಂದುಕೊಳ್ಳುವ ದಿನಕ್ಕಾಗಿ ಆಕೆ ಕಾದಳು. ಚಂದ್ರಮೌಳಿ ಹುಣಸೂರಿನ ತಮ್ಮ ಬ್ಯಾಂಕ್ ಶಾಖೆಗೆ ಹೊರಟ ಮೇಲೆ, ಅರಿಶಿನ ಹಚ್ಚಿಕೊಂಡು, ಹೂ ಮುಡಿದು, ಕಾಯಿ ಹಿಡಿದು, ತೆರೆದೇ ಇದ್ದ ಬಾಗಿಲಿನಿಂದ ಹೊರಬಂದಳು. ಯಾರೂ ತಡೆಯಲಿಲ್ಲ, ಯಾರೂ ಕೇಳಲಿಲ್ಲ. ಎದುರುಮನೆಯಾಕೆ, ‘ನಮ್ಮ ಹೆಸರಲ್ಲೂ ಅರ್ಚನೆ ಮಾಡಿಸ್ಬುಡಿ ಕಣ್ರೀ’ ಎಂದು ಕೈಮುಗಿದು ಕಳಿಸಿದಳಂತೆ.

ಅಂದೇ ಸಂರಕ್ಷಣಾಧಿಕಾರಿ ಬಂದು ಹೇಳಿಕೆ ಪಡೆದರು. ಮಂಡ್ಯದಿಂದ ಶಶಿಕಲಾಳ ಅಕ್ಕ ಬಂದು ಕರೆದುಕೊಂಡು ಹೋದರು. ಹೋಗುವಾಗ ಅಕ್ಕ ತಾನು ಮೆಟ್ಟಿದ್ದ ಚಪ್ಪಲಿಯನ್ನು ಬಿಚ್ಚಿ ತಂಗಿಯ ಮುಂದಿಟ್ಟರು. ಬ್ಯಾಂಡೇಜ್ ಸುತ್ತಿದ ಕಾಲಿಗೆ ಅದು ಹಿಡಿಯಲಿಲ್ಲ. ಆಕೆ ಅದನ್ನು ಕೈಯಲ್ಲೇ ಹಿಡಿದು ಆಟೋ ಹತ್ತಿದಳು.

ಮರುದಿನ ಚಂದ್ರಮೌಳಿಯವರ ಫೋನ್ ಬಂತು. ಬೈಯಲಿಲ್ಲ, ಹೆಂಡತಿ ಎಲ್ಲಿ ಎಂದೂ ಕೇಳಲಿಲ್ಲ.

‘ಮೇಡಂ, ಇದನ್ನೂ ನಿಮ್ಮ ಭಾಷಣಕ್ಕೆ ಸೇರಿಸ್ಕೋತೀರಾ?’ ಎಂದರು ಅದೇ ನಯವಾದ ದನಿಯಲ್ಲಿ. ‘ಸೇರಿಸ್ಕೊಳ್ಳೋದಾದ್ರೆ ತಿಳಿಸಿ. ಕೇಳೋಕೆ ನಾನು ಬರ್ತೀನಿ.’

ಕೋರ್ಟಿನಲ್ಲಿ ಸಮಯ ಹಿಡಿಯಿತು. ಅವರು ಆಕೆಯ ಹತ್ತಿರ ಸುಳಿಯಬಾರದೆಂದು ರಕ್ಷಣಾ ಆದೇಶ ಆಯಿತು. ಚಂದ್ರಮೌಳಿಯವರನ್ನು ಕಾರ್ಯದರ್ಶಿ ಸ್ಥಾನದಿಂದ ಇಳಿಸಲು ನಾಗರತ್ನಮ್ಮ ಹೊರಟಾಗ ಸಂಘದ ಅರ್ಧ ಜನ ಒಪ್ಪಲಿಲ್ಲ. ಕೈಯೆತ್ತದ, ಕುಡಿಯದ, ಹೆಂಡತಿಯ ಕಾಲು ಒರೆಸುವ ಗಂಡನ ಮೇಲೆ ದೂರೇ? ಎಂದರು. ‘ನೂರು ಸಲ ಹೇಳಿದ್ರೂ ಇವ್ರ ತಲೆಗೆ ಹೋಗಲ್ಲ ಕಣಮ್ಮ, ನಂಗೇ ಹೋಗಿರ್ಲಿಲ್ವಲ್ಲ’ ಎಂದು ನಾಗರತ್ನಮ್ಮ ಹೇಳಿ, ಕೊನೆಗೆ ತಾವೇ ಅಧ್ಯಕ್ಷ ಸ್ಥಾನ ಬಿಟ್ಟು ಹೊರಬಂದರು. ಶಶಿಕಲಾ ಮಂಡ್ಯದಲ್ಲೇ ಉಳಿದಳು. ಈಗ ಅಲ್ಲಿನ ಒಂದು ಶಿಶುವಿಹಾರದಲ್ಲಿ ಟೀಚರ್.

ನಿವೃತ್ತಿಯಾದ ಮೇಲೆ ಮತ್ತೆ ಭಾಷಣಕ್ಕೆ ಕರೆಯತೊಡಗಿದರು. ಹಳೆಯ ನಾಲ್ಕನೆಯ ಮಾತನ್ನು ನಾನು ಮತ್ತೆಂದೂ ಸಭೆಯಲ್ಲಿ ಆಡಿಲ್ಲ. ಈ ಬರಹದಲ್ಲಿ ಅದು ಬಂದಿರುವುದು, ಹೆಸರುಗಳನ್ನು ಬದಲಿಸಿ, ಶಶಿಕಲಾಳ ಒಪ್ಪಿಗೆಯಿಂದ, ಅದರ ಬಾಲವೂ ತಿಳಿಯಲಿ ಎಂದು. ಜನರ ನಂಬಿಕೆಗಳನ್ನು ಬಯಲು ಮಾಡುತ್ತೇನೆಂದು ನಾನು ವೇದಿಕೆ ಹತ್ತಿದ್ದೆ. ಆದರೆ ಕೇಳಿದವರೆಲ್ಲ ನಾನು ಅಂದುಕೊಂಡದ್ದನ್ನೇ ಅರ್ಥ ಮಾಡಿಕೊಂಡು ಎದ್ದುಹೋಗುತ್ತಾರೆ ಎಂಬ ನನ್ನ ನಂಬಿಕೆಯನ್ನು ಯಾರೂ ಬಯಲು ಮಾಡಿರಲಿಲ್ಲ. ಒಬ್ಬರ ಮಾತನ್ನು ಅವರ ಬಾಯಿಂದ ಬಿಡಿಸಿ ತಂದು ಸಭೆಗೆ ಕೊಟ್ಟರೆ, ಅದು ಯಾರ ಬಾಯಲ್ಲಿ ಹೋಗಿ ಮನೆ ಮಾಡುತ್ತದೆ ಎಂದು ಹೇಳಲಾಗದು. ಈಗ ನಾನು ಮೈಕ್ ಬಿಟ್ಟು ಕೆಳಗಿಳಿದು, ಕುರ್ಚಿಗಳ ನಡುವೆ ನಿಂತು, ನಿಮಗೇನು ಕೇಳಿಸಿತು ಹೇಳಿ ಎನ್ನುತ್ತೇನೆ. ಮೌನವಾಗಿರುವವರ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಖಾಲಿಯಾದ ನಾಲ್ಕನೆಯ ಜಾಗಕ್ಕೆ, ಅಂದು ನಮ್ಮ ಮೆಟ್ಟಿಲ ಮೇಲೆ ಕೂತು ಶಶಿಕಲಾ ಹೇಳಿದ ಮಾತನ್ನು ಬಳಸಿಕೊಳ್ಳಬಹುದೇ ಎಂದು ಒಮ್ಮೆ ಮಂಡ್ಯಕ್ಕೆ ಹೋದಾಗ ಕೇಳಿದೆ. ಹೆಸರು ಹೇಳುವುದಿಲ್ಲ, ಗುರುತು ಕೊಡುವುದಿಲ್ಲ ಎಂದೆ. ಶಿಶುವಿಹಾರದ ಅಂಗಳದಲ್ಲಿ ಮಕ್ಕಳ ಗದ್ದಲ ನಡೆದಿತ್ತು.

‘ನಡೆದದ್ದನ್ನ ಬರೀರಿ ಮೇಡಂ, ಬೇಡ ಅನ್ನಲ್ಲ’ ಎಂದಳು. ‘ಆದ್ರೆ ಆ ಮಾತು ಕೊಡಲ್ಲ. ಅಷ್ಟು ವರ್ಷದಲ್ಲಿ ನಾನಾಗಿ ಆಡಿದ ಮೊದಲನೇ ಮಾತು ಅದು. ಅದು ನನ್ನ ಹತ್ರಾನೇ ಇರ್ಲಿ.’

ಆ ಮಾತು ನನಗೆ ಅಕ್ಷರಶಃ ನೆನಪಿದೆ. ಇಲ್ಲಿ ಬರೆಯುವುದಿಲ್ಲ.